ಸಿಸ್ಟರ್ ಫೋನಿಗೆ ಗಂಡನ ಹೆಬ್ಬೆರಳು

ಕಳೆದ ವಾರ ನಮ್ಮ ಆಸ್ಪತ್ರೆಯ ಹೊಸ ಮೆಸೇಜಿಂಗ್ ಆ್ಯಪ್‌ನಲ್ಲಿ ಸಿಸ್ಟರ್ ಸುವರ್ಣಾಗೆ ಒಂದು ಪ್ರಶ್ನೆ ಹಾಕಿದೆ. 'ಘಾಟಬೋರಾಳದ ಪೇಶಂಟ್ ಚೆಕಪ್‌ಗೆ ಯಾವಾಗ ಬರ್ತಾಳೆ?'

ಉತ್ತರ ತಕ್ಷಣ ಬಂತು. 'ಸುವರ್ಣಾ ರೊಟ್ಟಿ ಬಡ್ಯಾಕತ್ತಾಳ್ರಿ ಮೇಡಂ. ಆ ಕಾಪರ್-ಟಿ ಕೇಸ್ ಶುಕ್ರವಾರ ಬರ್ತದ. ನಾ ನೆನಪ್ ಮಾಡ್ತೀನಿ ಬಿಡ್ರಿ. ಇಂತಿ ಶರಣಪ್ಪ.'

ಶರಣಪ್ಪ ಸುವರ್ಣಾಳ ಗಂಡ. ಹಳ್ಳಿ ಅಂಗಡಿಗಳಿಗೆ ಟೆಂಪೋದಲ್ಲಿ ಕಿರಾಣಿ ಮಾಲು ಹಾಕುತ್ತಾನೆ. ಬಹಳ ಒಳ್ಳೆಯ ಮನುಷ್ಯ. ಪ್ರಾಬ್ಲಂ ಅದೇ!

(ಊರು, ಹೆಸರು ಎಲ್ಲ ಬದಲಿಸಿದ್ದೇನೆ. ದಯವಿಟ್ಟು ಹುಡುಕಲು ಹೋಗಬೇಡಿ.)

ನಮ್ಮ ಟ್ರಸ್ಟಿನ ಹೆರಿಗೆ ಆಸ್ಪತ್ರೆ ಇರುವುದು ಬಸವಕಲ್ಯಾಣದಲ್ಲಿ, ಬ್ರಾಂಚ್ ಹುಮನಾಬಾದ್‌ನಲ್ಲಿ. ಎರಡೂ ಕಡೆಯ ಸ್ಟಾಫ್ ಮಾತಾಡಿಕೊಳ್ಳಲು ಮೊದಲು ಒಂದು ಮಾಮೂಲಿ ಗ್ರೂಪ್ ಇತ್ತು. ಅದರಲ್ಲಿದ್ದ ಒಬ್ಬ ಪೇಶಂಟಿನ ರಿಪೋರ್ಟು ಯಾರದೋ ಬೀಗರ ಗ್ರೂಪಿಗೆ ಜಿಗಿದು, ಅಲ್ಲಿ ಅದಕ್ಕೆ ಹೂವು, ನಮಸ್ಕಾರ ಬೇರೆ ಬಿದ್ದವು. ಅಂದಮೇಲೆ ಸುಮ್ಮನಿರಲಾದೀತೇ? ಟ್ರಸ್ಟಿಯಾದ ನಾನೇ ಹಟ ಹಿಡಿದೆ. ಸೆಕ್ಯೂರ್ ಆದದ್ದು ಬೇಕು, ಸ್ಟಾಫಿಗೆ ಮಾತ್ರ.

ಕಲಬುರಗಿಯಿಂದ ಕಂಪನಿಯವರು ಲ್ಯಾಪ್‌ಟಾಪ್ ಹಿಡಿದು ಬಂದರು. ಎನ್‌ಕ್ರಿಪ್ಷನ್ ಅಂದರು, ಸ್ಕ್ರೀನ್‌ಶಾಟ್ ಬರುವುದಿಲ್ಲ ಅಂದರು, ಓದಿದ ಮೆಸೇಜ್ ತಾನೇ ಅಳಿಯುತ್ತದೆ ಅಂದರು. ನಮ್ಮ ಅಧ್ಯಕ್ಷರಿಗೆ ಇದ್ದದ್ದು ಒಂದೇ ಚಿಂತೆ.

"ಗುಡ್ ಮಾರ್ನಿಂಗ್ ಫೋಟೋ ಹೋಗ್ತದೋ ಇಲ್ಲೋ ಅಷ್ಟ ಹೇಳ್ರಿ."

"ಹೋಗ್ತದ್ರಿ ಸಾಹೇಬ್ರ."

"ಹಂಗಾದ್ರ ಪಾಸ್!"

ಹೀಗೆ ನಮ್ಮ ಸೆಲೆಕ್ಷನ್ ಮುಗಿಯಿತು. ಬೆರಳು ಇಟ್ಟರೆ ಮಾತ್ರ ತೆರೆಯುವ ಆ್ಯಪ್. ವಾಹ್!

ಶರಣಪ್ಪನ ಉತ್ತರ ಓದಿದ ಮರುದಿನ ಸುವರ್ಣಾಳನ್ನು ಕರೆದು ಕೂರಿಸಿದೆ. "ನಿನ್ನ ಬೆರಳಿಲ್ಲದೆ ಅವನು ಹೇಗೆ ತೆಗೆದ?"

"ಅವರ ಬೆರಳೂ ಹಾಕ್ಸೀವಲ್ರಿ ಮೇಡಂ."

"ಯಾಕೆ?"

ನಾನೇನೋ ಹುಚ್ಚು ಪ್ರಶ್ನೆ ಕೇಳಿದೆನೆಂಬಂತೆ ನೋಡಿದಳು. "ಹಾಕ್ಸಲಿಲ್ಲಂದ್ರ, ಏನ್ ಮುಚ್ಚಿಡಾಕತ್ತಿ ಅಂತಾರ್ರಿ. ಅವರ ಬಿಡ್ರಿ, ಅತ್ತಿ ಸುಮ್ನಿರ್ತಾಳೇನು?"

ಉಳಿದವರನ್ನು ಕೇಳಿದೆ. ಒಬ್ಬಳ ಫೋನಿಗೆ ಗಂಡನ ಬೆರಳು, ಒಬ್ಬಳದಕ್ಕೆ ಮೈದುನನದು. ಹುಮನಾಬಾದ್‌ನ ನಮ್ಮ ಲೇಡಿ ಡಾಕ್ಟರ್‌ಗೆ ಫೋನ್ ಮಾಡಿದರೆ ಅವರು ನಕ್ಕರು. "ನಂದು ಮಗಾ ತೆಗೀತಾನ್ರಿ. ಗೇಮ್ ಆಡ್ಬೇಕಲ್ಲ!"

ಗಂಡಸರ ಫೋನುಗಳಲ್ಲಿ ಹೆಂಡತಿಯ ಬೆರಳು ಇದೆಯೇ ಅಂತಲೂ ವಿಚಾರಿಸಿದೆ. ಕಾಂಪೌಂಡರ್ ಕೆಮ್ಮಿದ. ಅಕೌಂಟೆಂಟ್ ಹೊರಗೆ ಹೋದ.

ನಾನು ಓದಿದ ಕಾನ್ವೆಂಟ್ ಹಾಸ್ಟೆಲಿನಲ್ಲಿ ಮನೆಯಿಂದ ಬಂದ ಪತ್ರವನ್ನು ಮೊದಲು ಮದರ್ ಸುಪೀರಿಯರ್ ಓದಿ ಆಮೇಲೆ ನಮಗೆ ಕೊಡುತ್ತಿದ್ದರು. ದೊಡ್ಡವಳಾದ ಮೇಲೆ ನನ್ನ ಪತ್ರವನ್ನು ನಾನೇ ಒಡೆಯುತ್ತೇನೆ, ಕಿಟಕಿ ಪಕ್ಕ ಕೂತು ಒಬ್ಬಳೇ ಓದುತ್ತೇನೆ ಅಂತ ಆಗ ಎಷ್ಟು ಕನಸು! ಮೈ ಡಿಯರ್ ಗರ್ಲ್ಸ್, ದೊಡ್ಡವರಾದಿರಿ, ಸಂಬಳ ತರುತ್ತೀರಿ, ಈಗಲೂ ಅಷ್ಟೇನೇ?

ಶುಕ್ರವಾರ ಆ ಘಾಟಬೋರಾಳದ ಹುಡುಗಿ ಬಂದಳು. ಮೂರು ಹೆಣ್ಣುಮಕ್ಕಳ ತಾಯಿ. ಗಂಡುಮಗು ಆಗುವವರೆಗೂ ಹೆರಬೇಕೆಂಬುದು ಅತ್ತೆಯ ಆರ್ಡರ್. ಮೂರನೆಯ ಹೆರಿಗೆಯಲ್ಲೇ ಜೀವ ಹೋಗಿ ಬಂದಿತ್ತು. ಇನ್ನೊಂದು ಬೇಡವೇ ಬೇಡ ಎಂದಿದ್ದರು ಡಾಕ್ಟರ್. ಅದಕ್ಕೇ ಮನೆಯಲ್ಲಿ ಯಾರಿಗೂ ಹೇಳದೆ ಕಾಪರ್-ಟಿ ಹಾಕಿಸಿಕೊಂಡಿದ್ದಳು.

ಅವಳು ಕೂರಲೂ ಇಲ್ಲ.

"ಅಮ್ಮಾರ, ಸಿಸ್ಟರ್ ಯಜಮಾನ್ರು ನಮ್ಮೂರ ಅಂಗಡಿಗಿ ಮಾಲ್ ಹಾಕಾಕ ಬಂದಿದ್ರು. ಎಲ್ಲರ ಮುಂದ, 'ಶುಕ್ರವಾರ ದವಾಖಾನಿಗಿ ಬರೂದು ಮರೀಬ್ಯಾಡ ತಂಗಿ' ಅಂದ್ರು. ಬಾಜೂಕ ಅತ್ತಿ ನಿಂತಿದ್ಲು."

"ನೀನೇನಂದೆ?"

"ರಕ್ತ ಕಡಿಮಿ ಅದ, ಟಾನಿಕ್ ಕೊಡ್ತಾರ ಅಂದೆ. ನಂಬಿಲ್ಲ. ಮುಂದಿನ ಸಲ ನಾನೂ ಬರ್ತೀನಿ ಅಂದಾಳ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ತೆಗೆದ್ ಹಾಕ್ರಿ ಅಮ್ಮಾರ."

"ಹುಚ್ಚಿ, ಮತ್ತೆ ಬಸುರಾದರೆ?"

"ಅದು ದೇವ್ರಿಗಿ ಬಿಟ್ಟದ್ದು. ಇದು ಗೊತ್ತಾದ್ರ ಮಾತ್ರ ನನ್ನ ಮನಿಯಾಗ ಇಟ್ಕೊಳ್ಳಲ್ಲ."

ಡಾಕ್ಟರ್ ತಿಳಿಹೇಳಿದರು. ನಾನು ಬೈದೆ, ಗೋಗರೆದೆ. ಸುವರ್ಣಾ ಬಾಗಿಲಲ್ಲಿ ನಿಂತು ಅತ್ತಳು. ಹುಡುಗಿ ಜಗ್ಗಲಿಲ್ಲ. ಕೊನೆಗೆ ತೆಗೆಯಲೇಬೇಕಾಯಿತು.

ಸಂಜೆ ಕಂಪನಿಯವರು ಫೋನ್ ಮಾಡಿ ಫೀಡ್‌ಬ್ಯಾಕ್ ಕೇಳಿದರು. ಏನು ಹೇಳಲಿ? ಪಾಪ, ಆ್ಯಪ್ ಬಹಳ ಸೆಕ್ಯೂರ್ ಆಗಿದೆ. ಈಗ ಫೀಡ್‌ಬ್ಯಾಕ್ ನೀವು ಕೊಡಿ, ಓದುಗರೇ: ನಿಮ್ಮ ಮನೆಯ ಹೆಣ್ಣುಮಗಳು ನಾಳೆ ತನ್ನ ಫೋನಿಗೆ ತನ್ನೊಬ್ಬಳದೇ ಬೆರಳು ಇಟ್ಟುಕೊಂಡರೆ, ನೀವು ಅವಳನ್ನು ಕೇಳುವ ಮೊದಲ ಪ್ರಶ್ನೆ ಯಾವುದು?