ಕೌದಳ್ಳಿ ಹೋಟೆಲಿನ ಕಬ್ಬಿಣದ ತೊಲೆ

ಮೊನ್ನೆ ಪಕ್ಕದ ಮನೆಯವರು ಗೇಟಿಗೆ ರೆಡ್ ಆಕ್ಸೈಡ್ ಬಳಿಸುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೌದಳ್ಳಿಯಲ್ಲಿ ನಮ್ಮ ಎದುರು ಮನೆಗೆ ಬಾಡಿಗೆಗೆ ಬಂದಿದ್ದ ಎಂಜಿನಿಯರ್ ನೆನಪಾದರು.

ತೊಂಬತ್ತರ ದಶಕ. ಬೆಟ್ಟದ ದೇವಸ್ಥಾನಕ್ಕೆ ಹೋಗುವ ಜನರನ್ನು ನಂಬಿಕೊಂಡು ಅವ್ವ ರಸ್ತೆ ಬದಿಯಲ್ಲಿ ಹೋಟೆಲ್ ನಡೆಸುತ್ತಿದ್ದಳು. ಮೇಲೊಂದು ಅಟ್ಟ ಬೇಕಾಯಿತು. ಎರಡು ಕಾಂಕ್ರೀಟ್ ಗೋಡೆಗಳ ನಡುವೆ ಕಬ್ಬಿಣದ ತೊಲೆ ಕೂರಿಸಲು ಎಂಜಿನಿಯರೇ ನಕ್ಷೆ ಬರೆದುಕೊಟ್ಟರು. ಗೋಡೆ ಕೊರೆದು ತೊಲೆಯ ತುದಿಯನ್ನು ಒಳಗೆ ತೂರಿಸುವುದಷ್ಟೇ ನಮಗೆ ಗೊತ್ತಿದ್ದದ್ದು. ಇವರು ಗೋಡೆಗೆ ದಪ್ಪ ಪ್ಲೇಟು ಬಿಗಿಸಿ, ಅದಕ್ಕೆ ರೆಡ್ ಆಕ್ಸೈಡ್ ಬಳಿದ ತೊಲೆಯನ್ನು ಬೋಲ್ಟಿನಲ್ಲಿ ಸೇರಿಸಿದರು. ಸಾಲದ್ದಕ್ಕೆ ಒಂದು ತುದಿಯ ತೂತುಗಳನ್ನು ಉದ್ದುದ್ದ ಮಾಡಿಸಿದರು. ಒಲೆಯ ಕಾವಿಗೆ ಕಬ್ಬಿಣ ಹಿಗ್ಗಲು ಜಾಗ ಬೇಕಂತೆ. ಬಿಗಿ ಮಾಡಲು ಬಂದವರು ಸಡಿಲ ಬಿಡುವುದೇಕೆ... ನನಗೆ ತಲೆಬುಡ ತಿಳಿಯಲಿಲ್ಲ.

ಅವ್ವ ಒಲೆ ಹಚ್ಚಲು ಒಪ್ಪಲೇ ಇಲ್ಲ.

"ಗ್ವಾಡೆ ಒಳಿಕ್ಕೇ ಓಗ್ನಿಲ್ಲ, ಸುಮ್ಕೆ ಅಂಟ್ಕಂಡು ನಿಂತದೆ. ಅದ್ರಡೀಲಿ ನಾ ಕೂರಕಿಲ್ಲ ಸಾ."

ನನಗೆ ಆಗಲೇ ಮದುವೆಯಾಗಿತ್ತು, ಆದರೂ ಅವ್ವನ ಮಾತು ಮೀರುವ ಧೈರ್ಯವಿರಲಿಲ್ಲ. ಅಮಾವಾಸ್ಯೆಗೆ ಬೆಟ್ಟಕ್ಕೆ ಹೊರಟ ಜನವೆಲ್ಲ ಪಕ್ಕದ ಅಂಗಡಿಯಲ್ಲಿ ಇಡ್ಲಿ ತಿಂದು ಹೋದರು. ಹೀಗೇ ಆದರೆ ಹೋಟೆಲ್ ಮುಚ್ಚಿದಂತೆಯೇ ಎನಿಸಿತು.

ಎಂಜಿನಿಯರ್ ವಾದಿಸಲಿಲ್ಲ. ಮರದ ಕಂಬವೊಂದನ್ನು ತರಿಸಿ, ಬುಡ ಹೂತು, ತೊಲೆಯಡಿ ನಿಲ್ಲಿಸಿದರು. "ಇನ್ನು ಭಾರವೆಲ್ಲ ಇದರ ಮೇಲೇ ಅಕ್ಕ, ಹೆದರ್ಬೇಡಿ" ಎಂದರು. ಅವ್ವ ಒಲೆ ಹಚ್ಚಿದಳು. ಆದರೆ ನಾನು ನೋಡುತ್ತೇನೆ, ಕಂಬಕ್ಕೂ ತೊಲೆಗೂ ನಡುವೆ ಸಣ್ಣ ಸಂದು! ಕೇಳಿದರೆ ನನ್ನನ್ನು ಹೊರಗೆ ಕರೆದರು.

"ತೊಲೆ ತನ್ನ ಭಾರಾನ ಗೋಡೆಗೇ ಕೊಡ್ಬೇಕು. ನಡುವೆ ಕಂಬ ತಾಗಿದ್ರೆ ನನ್ನ ಲೆಕ್ಕ ತಪ್ಪುತ್ತೆ. ಅವರಿಗೆ ಹೇಳ್ಬೇಡ."

ಭಾರ ಹೊರದ ಕಂಬ, ಅದನ್ನು ನೆಚ್ಚಿ ಕೂತ ಅವ್ವ... ಇವರು ಒಳ್ಳೆಯವರೋ ಸುಳ್ಳುಗಾರರೋ ತೀರ್ಮಾನಿಸಲಾಗದೆ ಒದ್ದಾಡಿದೆ. ಅಷ್ಟರಲ್ಲಿ ಅವರಿಗೆ ವರ್ಗವಾಯಿತು.

ಅವ್ವನ ಕೊನೆಗಾಲದಲ್ಲಿ ತಡೆಯಲಾರದೆ ಹೇಳಿಬಿಟ್ಟೆ. ಅವಳು ನಕ್ಕಳು.

"ಆಗ್ಲೇ ಗೊತ್ತಾಗಿತ್ತು ಕಣ್ಲಾ. ಮಸಿ ಒರೆಸ್ತಾ ಇದ್ರೆ ಬಟ್ಟೆ ಸಂದೀಲಿ ತೂರಿ ಆಚೀಕ್ ಬಂತು. ನನ್ ಭಯಕ್ಕೇ ಇಷ್ಟು ಮಾಡೋ ಮನ್ಸ, ನನ್ ತಲೆ ಮ್ಯಾಲಿನ ಬೋಲ್ಟ್ ಸರಿಯಾಗಿ ಹಾಕ್ಸ್ದೆ ಇರ್ತಾನಾ? ಅವ್ರಿಗೆ ಹೇಳ್ಬ್ಯಾಡ, ಬೇಜಾರ್ ಮಾಡ್ಕತರೆ."

ಯಾರು ಯಾರನ್ನು ನಂಬಿಸಿದರೋ, ನನಗೆ ಈಗಲೂ ಗೊಂದಲವೇ. ಅವ್ವ ಹೋದ ಮೇಲೆ, ಅವಳು ಬೇಡವೆಂದಿದ್ದರೂ ಎಂಜಿನಿಯರಿಗೆ ಹೇಳಲೇಬೇಕೆನಿಸಿ ಹನೂರಿನಲ್ಲಿದ್ದ ಅವರ ಹಳೆಯ ಕಚೇರಿಯಲ್ಲಿ ವಿಚಾರಿಸಿದೆ. ಅವರು ತೀರಿಕೊಂಡು ವರ್ಷಗಳೇ ಆಗಿದ್ದವು. ಸಂಕಟವಾಯಿತು. ಅವ್ವ ತಮ್ಮನ್ನೇ ನಂಬಿ ಆ ತೊಲೆಯ ಕೆಳಗೆ ಕೂತಿದ್ದಳೆಂದು ಅವರಿಗೆ ಕೊನೆಗೂ ಗೊತ್ತಾಗಲಿಲ್ಲ.