ಗಂಜಿ ಕುಡಿದ ಮುಖಪುಟಗಳು

ರಬಕವಿಯ ಹೊಳಬಸಪ್ಪನಿಗೆ ಮಗ್ಗದ ಸದ್ದೆಂದರೆ ಉಸಿರಿದ್ದ ಹಾಗೆ. ಇದ್ದಾಗ ಕೇಳಿಸದು, ನಿಂತರೆ ಜೀವ ಹೌಹಾರುತ್ತದೆ. ಆ ಮಧ್ಯಾಹ್ನ ಕರೆಂಟು ಹೋಗಿ ಪಡಸಾಲೆಯ ಎರಡೂ ವಿದ್ಯುತ್ ಮಗ್ಗಗಳು ನಿಂತವು. ಆಗ ಕೇಳಿಸಿತು: ಮಂಚದ ಕೆಳಗಿನ ಟ್ರಂಕಿನೊಳಗೆ ಯಾರೋ ಉಗುರಿನಿಂದ ಕೆರೆದಂತೆ, ಕರಕರ. ನಿಂತಿತು. ಮತ್ತೆ ಕರಕರ.

ಟ್ರಂಕಿನಲ್ಲಿ ಬಂಗಾರವಿರಲಿಲ್ಲ, ಹಳೆಯ ಪತ್ತೇದಾರಿ ಮಾಸಪತ್ರಿಕೆಗಳ ಮುಖಪುಟಗಳಿದ್ದವು. ಶಾಲೆ ಬಿಟ್ಟು ಮಗ್ಗಕ್ಕೆ ಕೂತ ಹೊಸದರಲ್ಲಿ ಅವನು ಆ ಪತ್ರಿಕೆಗಳನ್ನು ಜಮಖಂಡಿ ಬಸ್ ನಿಲ್ದಾಣದ ಹತ್ತಿರದ ಅಂಗಡಿಯಿಂದ ಬಾಡಿಗೆಗೆ ತಂದು ಓದುತ್ತಿದ್ದ. ಕಥೆ ಮರೆಯುತ್ತಿತ್ತು, ಚಿತ್ರ ಮರೆಯುತ್ತಿರಲಿಲ್ಲ. ಮಲಗುವಾಗ ಪುಸ್ತಕವನ್ನು ಬೋರಲು ಹಾಕಿ, ಮೇಲೊಂದು ನೀರಿನ ತಂಬಿಗೆ ಇಡುತ್ತಿದ್ದ. ಚಿತ್ರದೊಳಗಿನವನು ಎದ್ದು ಬಂದಾನೆಂದು! ಮುಂದೆ ಅಂಗಡಿ ಮುಚ್ಚಿದಾಗ, ರದ್ದಿಗೆ ಹೊರಟಿದ್ದ ಗಂಟನ್ನೇ ಹೊತ್ತು ತಂದು, ಮುಖಪುಟಗಳನ್ನಷ್ಟೇ ಬಿಡಿಸಿಟ್ಟುಕೊಂಡ.

ಬಿಡುವಾದಾಗಲೆಲ್ಲ ಹೆಂಡತಿ ಅನಸವ್ವನ ಮುಂದೆ ಹರವಿ ಕೂರುತ್ತಿದ್ದ.

"ನೋಡ ಬೇ, ಕೊಲೆಗಾರನ ಮಾರೀನ ಬರದಿಲ್ಲ. ಗ್ವಾಡಿ ಮ್ಯಾಲ ನೆಳ್ಳ ಅಷ್ಟ. ಉಳದದ್ದು ನಮ್ಮ ಅಂಜಿಕಿನ ಬರಕೋತೈತಿ."

"ಛಲೋ ಆತ ಬಿಡ್ರಿ. ನೆಳ್ಳಿನ ಬದ್ಲಿ ನಿಮ್ಮ ಮಾರಿ ಬರದಿದ್ರ ಪುಸ್ತಕಾನ ಯಾರೂ ಮುಟ್ತಿದ್ದಿಲ್ಲ."

ಅವನು ನಕ್ಕು ಇನ್ನೊಂದು ತೋರಿಸುತ್ತಿದ್ದ. ಕೆಂಪು ಅಚ್ಚು ತುಸು ಸರಿದು, ಹೆಂಗಸಿನ ತುಟಿಯ ಬಣ್ಣ ಗಲ್ಲಕ್ಕಿಳಿದಿತ್ತು. ಅದು ಅಚ್ಚಿನ ತಪ್ಪೆಂದರೆ ಒಪ್ಪುತ್ತಿರಲಿಲ್ಲ. ಅದರಿಂದಲೇ ಅವಳು ನಡುಗುವುದು ಕಾಣುತ್ತದೆ ಎನ್ನುತ್ತಿದ್ದ.

ಹೋದ ಬೇಸಿಗೆಯಲ್ಲಿ ಕಾಗದ ಹಪ್ಪಳದಂತಾಗಿ ಅಂಚು ಉದುರತೊಡಗಿತು. ಸೋತ ನೂಲಿಗೆ ನೇಕಾರ ಮಾಡುವುದನ್ನೇ ಅವನು ಮಾಡಿದ. ಗಂಜಿ ಕಾಸಿ, ಸೋಸಿ, ಮುಖಪುಟಗಳ ಬೆನ್ನಿಗೆ ಸವರಿ ನೆರಳಲ್ಲಿ ಒಣಗಿಸಿದ. ಹೊಸ ಸೀರೆಯಂತೆ ಗರಿಗರಿಯಾದವು. ಒಂದನ್ನು ಮಾತ್ರ ಬಿಟ್ಟ: ಕಂದೀಲು ಹಿಡಿದು ಮೆಟ್ಟಿಲಿಳಿಯುವ ಹೆಂಗಸು, ಕೆಳಗೆ ಬರೀ ಕತ್ತಲು. ಅವನಿಗೆ ಎಲ್ಲಕ್ಕಿಂತ ಪ್ರೀತಿಯದು ಅದು. ಬ್ರಶ್ಶು ತಾಗಿಸಲು ಕೈ ಬರಲಿಲ್ಲ. ಎರಡು ರಟ್ಟುಗಳ ನಡುವೆ ಇಟ್ಟು ಟ್ರಂಕಿನ ತಳಕ್ಕೆ ಸೇರಿಸಿದ್ದ.

ಕರಕರ.

"ಇಲಿ ಹೊಕ್ಕೈತ್ರಿ," ಎಂದಳು ಅನಸವ್ವ. "ಗಂಜಿ ನೂಲ ಬಿಡೂದಿಲ್ಲ ಅವು, ನಿಮ್ಮ ಚಿತ್ರಾ ಬಿಡ್ತಾವೇನು?"

ಹೊಳಬಸಪ್ಪ ಮಂಚದ ಕೆಳಗಿಂದ ಟ್ರಂಕು ಎಳೆದ. ಗಂಜಿ ಹಾಕಿದ ನೂಲನ್ನು ಅವನು ಎಂದೂ ನೆಲದಲ್ಲಿ ಬಿಟ್ಟವನಲ್ಲ, ಇಲಿಗೆ ಹೆದರಿ ತೊಲೆಗೆ ತೂಗುಹಾಕುತ್ತಿದ್ದ. ಚಿತ್ರಗಳನ್ನೂ ಯಾರಾದರೂ ತಿಂದಾರೆಂದು ಹೊಳೆದೇ ಇರಲಿಲ್ಲ.

ಟ್ರಂಕಿನ ಕೊಂಡಿಗೆ ಕೈ ಹಾಕಿದವನು ಹಾಗೇ ನಿಂತ.

"ತಗೀರಿ. ಇಲಿಗೆ ಅಂಜತೀರೇನ?"

"ಇಲಿಗಲ್ಲ ಬೇ..."

ತೆರೆದ. ಒಂದು ಇಲಿ ಅವನ ಮೊಣಕೈ ಮೇಲಿಂದಲೇ ಹಾರಿ ಹೋಯಿತು. ತುಕ್ಕು ಹಿಡಿದ ಮೂಲೆಯ ತೂತಿನ ಬಳಿ ಚೂರುಗಳ ಗೂಡು: ಒಂದು ಕಣ್ಣು, ಪಿಸ್ತೂಲಿನ ತುದಿ, ಅರ್ಧ ನೆರಳು. ಗಂಜಿ ಸವರಿದವುಗಳಲ್ಲಿ ಇಡಿಯಾದದ್ದು ಒಂದೂ ಸಿಗಲಿಲ್ಲ. ತಳದ ರಟ್ಟುಗಳ ಮೂಲೆಯೂ ಕಡಿದಿತ್ತು. ಮೇಲಿನ ರಟ್ಟು ಎತ್ತಿದ. ಕಂದೀಲಿನ ಹೆಂಗಸು ಇನ್ನೂ ಮೆಟ್ಟಿಲಿಳಿಯುತ್ತಿದ್ದಳು.

ಅಷ್ಟರಲ್ಲಿ ಕರೆಂಟು ಬಂತು. ಮಗ್ಗಗಳು ಒಮ್ಮೆಲೇ ಬಡಿದುಕೊಂಡು ನೆಲ ಅದುರಿತು. ಅವನ ಕೈಯಲ್ಲೇ, ಗಂಜಿ ಕಾಣದ ಆ ಚಿತ್ರದ ಕೆಳಗಿನ ಕತ್ತಲಿನ ಒಂದು ತುಣುಕು ಕಳಚಿ ಬಿತ್ತು.

"ಮಗ್ಗ ಬಂದ್ ಮಾಡ! ಬಂದ್ ಮಾಡ ಬೇ!"

ಅನಸವ್ವ ಓಡಿದಳು. ಮಗ್ಗಗಳು ನಿಂತವು. ತಿರುಗಿ ಬಂದವಳು ರಟ್ಟುಗಳನ್ನು ಹಳೆಯ ಧೋತರದಲ್ಲಿ ಸುತ್ತಿ, ನೂಲು ತೂಗುವ ತೊಲೆಗೆ ತಾನೇ ಕಟ್ಟಿದಳು.

ನೇಯದೆ ಎಷ್ಟು ಹೊತ್ತು ಕೂತಾರು? ಮಗ್ಗ ಮತ್ತೆ ಶುರುವಾಯಿತು. ತೊಲೆಗೆ ಕಟ್ಟಿದ ಧೋತರದ ಗಂಟು ಸಣ್ಣಗೆ ನಡುಗಿತು. ಹೊಳಬಸಪ್ಪ ಕೈಯಿಂದಲೇ ನೂಲು ತಡವಿ ನೋಡುತ್ತ, ಕಣ್ಣು ಮಾತ್ರ ಮೇಲೆಯೇ ನೆಟ್ಟು, ಅಷ್ಟು ಸದ್ದಿನ ಅಡಿಯಲ್ಲೂ ಆ ಕರಕರ ಕೇಳೀತೇ ಎಂದು ಕಿವಿಗೊಟ್ಟು ಕೂತ.