ಒಂದೇ ತಂತಿಯ ಎರಡು ಕೀ

ಬಣ್ಣಕ್ಕೆ ಬೆರೆಸುವ ಥಿನ್ನರ್ ವಾಸನೆ ಬಂದ ಕೂಡಲೇ ಬೇರೆಯವರು ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಮೊದಲು ತಲೆಯೆತ್ತಿ ಮೇಲೆ ನೋಡುತ್ತೇನೆ. ಕಳೆದ ಗುರುವಾರ ಬೆಳಿಗ್ಗೆ ಒಂಬತ್ತೂ ಮುಕ್ಕಾಲಿಗೆ, ಮಂಡಕಳ್ಳಿ ಕಡೆ ಏಳುತ್ತಿರುವ ಕಲ್ಯಾಣ ಮಂಟಪದ ಮೆಟ್ಟಿಲ ಬಳಿ ಆ ವಾಸನೆ ಬಂತು. ಮೇಲೆ ನೋಡಿದೆ. ಯಾರೂ ಇರಲಿಲ್ಲ. ಕೈ ಮಾತ್ರ ತಾನಾಗಿಯೇ ಚೀಲದೊಳಗೆ ಹೋಗಿ ಎರಡು ಕೀಗಳನ್ನು ಹಿಡಿದುಕೊಂಡಿತು... ಮೇಸ್ತ್ರಿಯ ಕೀಗಳು.

ಒಂದು, ಗ್ಯಾಸ್ ಕಟಿಂಗ್ ಸಿಲಿಂಡರ್ ತೆರೆಯುವ ಗೇಣುದ್ದದ ಕಬ್ಬಿಣದ ಕೀ. ಇನ್ನೊಂದು ಬಣ್ಣದ ಕೋಣೆಯ ಬೀಗದ್ದು, ಬೆರಳಷ್ಟೇ ಉದ್ದ. ಎರಡನ್ನೂ ಒಂದೇ ತಾಮ್ರದ ತಂತಿಯಲ್ಲಿ ಬಿಚ್ಚಲಾಗದಂತೆ ಹೊಸೆದಿದೆ. ಯಾವುದೋ ಆಯುಧಪೂಜೆಯ ಕುಂಕುಮ ಸಂದಿಯಲ್ಲಿ ಕಪ್ಪಾಗಿ ಕೂತಿದೆ.

ನಾಲ್ಕು ವರ್ಷದ ಹಿಂದೆ, ಡಿಪ್ಲೊಮಾ ಮುಗಿಸಿದ ಹೊಸದರಲ್ಲಿ, ನಾನು ದೇವರಾಜ ಮೊಹಲ್ಲಾದ ಒಂದು ಸೈಟಿಗೆ ಟ್ರೈನಿಯಾಗಿ ಸೇರಿದ್ದೆ. ಹಳೆಯ ಕಟ್ಟಡವೊಂದನ್ನು ಮೂರು ಅಂತಸ್ತಿನ ಬಟ್ಟೆ ಅಂಗಡಿಯಾಗಿ ಮಾಡುತ್ತಿದ್ದರು. ಮೇಲೆ ಹಳೆಯ ತೊಲೆಗಳನ್ನು ಗ್ಯಾಸಿನಲ್ಲಿ ಕತ್ತರಿಸುವವರು, ನಡುವೆ ವೈರ್ ಎಳೆಯುವವರು, ಕೆಳಗೆ ಬಣ್ಣದವರು. ಯಾವ ಕೆಲಸ ಎಷ್ಟು ಗಂಟೆಗೆ ಶುರುವಾಯಿತು, ಎಷ್ಟಕ್ಕೆ ನಿಂತಿತು ಎಂದು ರಿಜಿಸ್ಟರಿನಲ್ಲಿ ಬರೆಯುವುದು ನನ್ನ ಕೆಲಸ. ಸಂಜೆ ಚಾಮರಾಜಪುರಂನ ಮನೆಗೆ ಬಂದು ಅದನ್ನೇ ನನ್ನ ಡೈರಿಯಲ್ಲಿ ಇನ್ನೊಮ್ಮೆ ಬರೆಯುತ್ತಿದ್ದೆ. ಶಾಲೆಯ ದಿನಗಳಿಂದ ಬಂದ ಚಟ ಅದು.

ಬೆಳಗಿನ ಚಹಾದ ಕೆಟಲ್ ಆ ಸೈಟಿನ ಮೇಸ್ತ್ರಿಯ ಕೈಯಲ್ಲಿ ಇರುತ್ತಿತ್ತು. ಪ್ರತಿ ತಂಡದ ಮುಖ್ಯಸ್ಥ ಬಂದು ಸುತ್ತ ನಿಲ್ಲುವವರೆಗೆ ಯಾರ ಲೋಟಕ್ಕೂ ಒಂದು ಹನಿ ಬೀಳುತ್ತಿರಲಿಲ್ಲ. ಎಲ್ಲರೂ ನಿಂತ ಮೇಲೆ ಒಂದೇ ಪ್ರಶ್ನೆ.

"ಇವತ್ತು ಯಾರ ತಲೆ ಮೇಲೆ ಯಾರ್ರಪ್ಪಾ?"

ತನ್ನ ಮೇಲೆ ಯಾರು, ಕೆಳಗೆ ಯಾರು ಎಂದು ಒಬ್ಬೊಬ್ಬರೂ ಹೇಳಬೇಕು. ಗೊತ್ತಿಲ್ಲದವನಿಗೆ ಚಹಾ ಇಲ್ಲ. ಆಮೇಲೆ ಕೀ. ಕತ್ತರಿಸುವವರು ತಂತಿಯನ್ನು ಒಯ್ದರೆ ಬಣ್ಣದ ಕೋಣೆಯ ಕೀ ಕೂಡ ಅವರ ಜೊತೆ ಮೇಲೆ ಹೋಗುತ್ತಿತ್ತು. ಬಣ್ಣದವರು ಒಯ್ದರೆ ಸಿಲಿಂಡರ್ ತೆರೆಯುವಂತಿಲ್ಲ. ಕಿಡಿ ಮತ್ತು ಥಿನ್ನರ್ ಒಂದೇ ಹೊತ್ತಿಗೆ ಹೊರಗೆ ಬರದಂತೆ ಅವರು ಕಂಡುಕೊಂಡಿದ್ದ ಉಪಾಯ ಇಷ್ಟೇ.

"ಏನ್ ಮೇಸ್ತ್ರಿ, ಗಂಡ ಹೆಂಡ್ತಿ ತರ ಗಂಟಾಕ್ಬುಟ್ಟಿದ್ದೀರಲ್ಲ" ಎಂದು ಕಟಿಂಗ್‌ನವನು ಛೇಡಿಸುತ್ತಿದ್ದ.

"ಇವರಿಬ್ರೂ ಬೇರೆ ಬೇರೆ ಓಡಾಡಿದ್ರೆ ಊರೇ ಸುಟ್ಟೋಯ್ತದೆ ಕಣೋ!"

ನನ್ನ ಬರವಣಿಗೆಯ ಮೇಲೂ ಅವರಿಗೊಂದು ಕಣ್ಣಿತ್ತು. ಒಮ್ಮೆ ಅಟ್ಟಣಿಗೆಯ ಹಲಗೆ ಸಡಿಲವಾಗಿರುವುದನ್ನು ಕಂಡು, ಚೊಕ್ಕವಾಗಿ ಬರೆದುಕೊಂಡು ಮುಂದೆ ಹೋಗಿದ್ದೆ. ಮೇಸ್ತ್ರಿ ಹಿಂದಿನಿಂದ ಕೂಗಿದರು. "ಆಮೇಲ್ ಬರಿಯವ್ವ, ಮೊದ್ಲು ಬಾಯ್ ಬುಡು!" ಅದನ್ನೂ ಬರೆದುಕೊಂಡಿದ್ದೆ...

ಸೈಟ್ ಮ್ಯಾನೇಜರ್‌ಗೆ ದಸರಾ ಒಳಗೆ ಅಂಗಡಿ ತೆರೆಸುವ ಅವಸರ. ಒಂದು ಮಂಗಳವಾರ, ಹನ್ನೊಂದು ಇಪ್ಪತ್ತಕ್ಕೆ, ಕೆಳಗಿನ ಬಣ್ಣದ ಕೋಣೆಯ ಬಾಗಿಲು ತೆರೆದಿತ್ತು. ಇಬ್ಬರು ಒಳಗೆ ಥಿನ್ನರ್ ಬೆರೆಸುತ್ತಿದ್ದರು. ಮೇಲೆ ಕಟಿಂಗ್ ನಡೆದೇ ಇತ್ತು, ತಂತಿಯೂ ಅಲ್ಲೇ ಇತ್ತು. ನಾನು ಗಡಿಯಾರ ನೋಡಿ ಬರೆದೆ: "11.20. ಬಣ್ಣದ ಕೋಣೆ ತೆರೆದಿದೆ. ಕೀ ಮೇಲಿದೆ. ಹೇಗೆ?" ಬರೆದು, ಕೇಳೋಣವೆಂದು ಮ್ಯಾನೇಜರ್ ಬಳಿ ಹೋದೆ. ಅವನು ನಕ್ಕ.

"ಇನ್ನೊಂದು ಕೀ ಮಾಡಿಸಿದೀನಮ್ಮ. ನಿಮ್ಮ ಮೇಸ್ತ್ರಿ ಪುರಾಣ ಕೇಳ್ಕೊಂಡ್ ಕೂತ್ರೆ ದಸರಾ ಮುಗ್ದೋಗತ್ತೆ."

ಆ ಮಾತನ್ನೂ ಬರೆದೆ. ಹನ್ನೊಂದು ಮೂವತ್ತೊಂದಕ್ಕೆ ಮೇಲಿನ ಕಿಡಿ ಬಿದ್ದು ಬಣ್ಣದ ಕೋಣೆಗೆ ಬೆಂಕಿ ಹೊತ್ತಿತು. ಹನ್ನೊಂದು ನಿಮಿಷ ನನ್ನ ಬಾಯಿ ನನ್ನ ಬಳಿಯೇ ಇತ್ತು. ಒಂದು ಸಲವೂ ಕೂಗಲಿಲ್ಲ.

ಹೊರಗೆ ಮರಳಿನ ಲಾರಿಯ ಬಳಿ ಇದ್ದ ಮೇಸ್ತ್ರಿ ಓಡಿ ಬಂದರು. ಮೊದಲು ಮೇಲೆ ಹತ್ತಿ, ಸಿಲಿಂಡರ್ ಮುಚ್ಚಿ, ತಂತಿಯನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ ಕೆಳಗಿಳಿದು ಆ ಕೋಣೆಗೆ ನುಗ್ಗಿದರು. ಬಣ್ಣದವರಿಬ್ಬರೂ ಬದುಕಿದರು. ಮೇಸ್ತ್ರಿಯ ಎರಡು ಕೈಗಳೂ ಮೊಣಕೈವರೆಗೆ ಸುಟ್ಟಿದ್ದವು.

ಮರುದಿನ ಮ್ಯಾನೇಜರ್ ನನ್ನನ್ನು ಕರೆದ. "ನಿನ್ನ ಅಕ್ಷರ ಚೆನ್ನಾಗಿದೆ, ನೀನೇ ಬರಿ" ಎಂದ. ಕಟಿಂಗ್ ನಡೆಯುತ್ತಿದ್ದಾಗ ಮೇಸ್ತ್ರಿಯೇ ಬಣ್ಣದ ಕೋಣೆ ತೆರೆದುಕೊಟ್ಟರು ಎಂದು ಅವನು ಹೇಳುತ್ತಾ ಹೋದ, ನಾನು ಬರೆಯುತ್ತಾ ಹೋದೆ. ಕೆಳಗೆ ನನ್ನ ಸಹಿ. ವಿಚಾರಣೆಗೆ ಹೋದದ್ದು ಆ ಹಾಳೆ. ರಿಜಿಸ್ಟರ್ ಆಮೇಲೆ ಯಾರ ಕಣ್ಣಿಗೂ ಬೀಳಲಿಲ್ಲ.

ಎರಡು ತಿಂಗಳಾದ ಮೇಲೆ ಮೇಸ್ತ್ರಿಯ ಮನೆಗೆ ಹೋಗಿದ್ದೆ. ಹೆಂಡತಿ ತುತ್ತು ಮಾಡಿ ತಿನ್ನಿಸುತ್ತಿದ್ದರು. ಅಷ್ಟರಲ್ಲಿ ಊರಿಗೆಲ್ಲ ಅವರು ಬೆಂಕಿ ಹಚ್ಚಿದ ಮೇಸ್ತ್ರಿ ಆಗಿಬಿಟ್ಟಿದ್ದರು.

"ನೀನೇ ಬರ್ದಿದ್ದಂತೆ?" ಮೇಸ್ತ್ರಿ ಕೇಳಿದರು.

"ಹೂಂ."

ಅವರು ಗೋಡೆ ಕಡೆ ತಿರುಗಿಕೊಂಡರು. "ಅಕ್ಷರ ಚೆನ್ನಾಗದೆ ಅಂದ್ರು" ಎಂದರು. ಅಷ್ಟೇ... ಒಂದು ಬೈಗುಳ ಬೈದಿದ್ದರೆ ಎತ್ತಿಟ್ಟುಕೊಳ್ಳಲು ನನಗೆ ಏನಾದರೂ ಇರುತ್ತಿತ್ತು.

ಮತ್ತೊಂದು ವರ್ಷ ಕಳೆಯುವ ಮೊದಲೇ ತೀರಿಕೊಂಡರು. ಹನ್ನೊಂದನೆಯ ದಿನದ ಕಾರ್ಯಕ್ಕೆ ಹೋದಾಗ ಅವರ ಹೆಂಡತಿ ಈ ತಂತಿಯನ್ನು ನನ್ನ ಕೈಗಿಟ್ಟರು. "ನಿಮಗೇ ಕೊಡು ಅಂದಿದ್ರು ಕಣಮ್ಮ." ಯಾಕೆ ಎಂದು ನಾನು ಕೇಳಲಿಲ್ಲ. ಕೇಳಬೇಕಾದ ಹೊತ್ತಿನಲ್ಲಿ ಕೇಳದಿರುವುದು ಅಷ್ಟರಲ್ಲಿ ನನಗೆ ರೂಢಿಯಾಗಿತ್ತು.

ಆ ಮ್ಯಾನೇಜರ್ ಈಗ ಸ್ವಂತ ಕಂಟ್ರಾಕ್ಟರ್. ಈ ಕಲ್ಯಾಣ ಮಂಟಪದ ಕೆಲಸ ಅವನದೇ. ಕಟ್ಟಿಸುವವರು ಸುರಕ್ಷತೆ ನೋಡಿಕೊಳ್ಳಲು ನನ್ನನ್ನು ನೇಮಿಸಿದ್ದಾರೆ. ನಾನು ಸಹಿ ಹಾಕದೆ ಇಲ್ಲಿ ಕಿಡಿ ಹಾರುವಂತಿಲ್ಲ. ಹೆಲ್ಮೆಟ್ಟು, ಕನ್ನಡಕದ ನಡುವೆ ಅವನು ನನ್ನ ಗುರುತು ಹಿಡಿಯಲಿಲ್ಲ. "ಮೇಡಂ" ಎನ್ನುತ್ತಾನೆ. ಮೊದಲ ದಿನವೇ ಇಲ್ಲಿನ ಎರಡು ಕೀಗಳನ್ನೂ ಮೇಸ್ತ್ರಿಯ ಹಾಗೆ ತಾಮ್ರದ ತಂತಿಯಲ್ಲಿ ಹೊಸೆದೆ. ಆರು ವಾರದಲ್ಲಿ ಹದಿನಾಲ್ಕು ಸಲ ಅವನ ಕೆಲಸ ನಿಲ್ಲಿಸಿದೆ. ಹದಿನಾಲ್ಕಕ್ಕೂ ಡೈರಿಯಲ್ಲಿ ಕಾರಣವಿದೆ, ಹದಿನಾಲ್ಕೂ ನ್ಯಾಯವಾದ ಕಾರಣಗಳು. ಆದರೆ ಅವನ ದವಡೆ ಬಿಗಿಯುವುದನ್ನು ಕಂಡ ದಿನವೆಲ್ಲ ನನಗೆ ಮಧ್ಯಾಹ್ನದ ಊಟ ರುಚಿಸುತ್ತಿತ್ತು.

ಗುರುವಾರ ಕಾರಣ ಸಿಗಲಿಲ್ಲ. ವಾಸನೆ ಬಂದದ್ದು ಹೊರಗೆ ಒಣಗಲು ಇಟ್ಟ ಬ್ರಷ್ಷುಗಳಿಂದ. ಡಬ್ಬಿಗಳನ್ನು ಎಣಿಸಿದೆ, ಎಲ್ಲವೂ ಬೀಗದೊಳಗೆ. ಕಿಟಕಿಗಳು ತೆರೆದಿದ್ದವು. ಬಣ್ಣದವರು ಹಿಂದಿನ ಸಂಜೆಯೇ ಕೆಲಸ ಮುಗಿಸಿ ಹೋಗಿದ್ದರು, ಅವತ್ತು ಬರುವವರಿರಲಿಲ್ಲ. ಹತ್ತಕ್ಕೆ ಕಂಟ್ರಾಕ್ಟರ್ ಕಟಿಂಗ್ ಶುರು ಮಾಡಲು ಕೀ ಕೇಳಿದ.

"ಆಗಲ್ಲ" ಎಂದೆ.

"ಯಾಕ್ ಮೇಡಂ?"

"ಆಗಲ್ಲ ಅಂದ್ನಲ್ಲ."

ಎರಡು ಗಂಟೆ ಇಡೀ ಸೈಟು ಸುಮ್ಮನೆ ಕೂತಿತು. ಹನ್ನೆರಡಕ್ಕೆ ಕಟಿಂಗ್ ಕೆಲಸದ ಹಿರಿಯ ನನ್ನ ಹತ್ತಿರ ಬಂದು ದನಿ ತಗ್ಗಿಸಿದ. "ಎಲ್ಲವ್ವ ಅಪಾಯ? ಹೇಳ್ಬುಡಿ, ನಾವೂ ಆ ಕಡೀಕ್ ಹೋಗಲ್ಲ." ಅವನು ನಿಜವಾಗಿಯೂ ಹೆದರಿದ್ದ. ನಾನು ಬೇಡ ಎಂದರೆ ಅಲ್ಲಿ ಸಾವಿದೆ ಎಂದು ನಂಬಿದ್ದ. ಮೇಸ್ತ್ರಿಯ ಮಾತಿಗೆ ಇದ್ದ ಆ ನಂಬಿಕೆಯನ್ನು ಹಿಂದೆ ಒಂದು ಹಾಳೆಯಲ್ಲಿ ಕೆಡಿಸಿದ್ದೆ. ಈಗ ನನ್ನ ಮಾತಿನ ಮೇಲಿನ ನಂಬಿಕೆಯನ್ನೂ ಕೆಡಿಸುತ್ತಿದ್ದೆ.

ಕಂಟ್ರಾಕ್ಟರನ್ನು ಕರೆದು ಈ ಸೈಟಿನ ಕೀಗಳ ತಂತಿಯನ್ನು ಮುಂದೆ ಚಾಚಿದೆ. ಅವನು ಕೈ ನೀಡಿದಾಗ ಬಿಡಲಿಲ್ಲ.

"ಇವತ್ತು ಯಾರ ತಲೆ ಮೇಲೆ ಯಾರು?"

ಅವನ ಕೈ ತಂತಿಯ ಮೇಲೆ ನಿಂತುಹೋಯಿತು. ನನ್ನ ಮುಖವನ್ನು ಈಗಷ್ಟೇ ಕಂಡವನಂತೆ ನೋಡಿದ.

"ನೀವು... ಆ ಸೈಟ್‌ನಲ್ಲಿ ಇದ್ರಾ?"

"ಇದ್ದೆ ಸರ್. ಅಕ್ಷರ ಚೆನ್ನಾಗಿದೆ ಅಂದಿದ್ರಿ."

ಅವನು ಉತ್ತರ ಹೇಳಿದ ಮೇಲೆಯೇ ಕೀ ಬಿಟ್ಟೆ. ಮೇಲೆ ಕಟಿಂಗ್‌ನವರು, ಕೆಳಗೆ ಯಾರೂ ಇಲ್ಲ.

ಇವತ್ತು ಭಾನುವಾರ. ವಿಚಾರಣೆ ನಡೆಸಿದ ಕಚೇರಿಗೆ ಪತ್ರ ಬರೆದು ಮುಗಿಸಿದ್ದೇನೆ. ಹನ್ನೊಂದು ಇಪ್ಪತ್ತರಿಂದ ಹನ್ನೊಂದು ಮೂವತ್ತೊಂದರವರೆಗೆ ನಡೆದದ್ದೆಲ್ಲ ಅದರಲ್ಲಿದೆ. ಎರಡನೆಯ ಕೀ ಇದೆ, ಅವನ ನಗುವೂ ಇದೆ. ಆ ಸಂಜೆ ಬರೆದ ಡೈರಿಯ ಪುಟದ ಪ್ರತಿ ಲಗತ್ತಿಸಿದ್ದೇನೆ. ನನ್ನನ್ನು ಬಿಟ್ಟು ಅವನೊಬ್ಬನನ್ನೇ ಸಿಕ್ಕಿಸುವ ದಾರಿಯನ್ನು ಮೂರು ಕರಡಿನಲ್ಲಿ ಹುಡುಕಿದೆ. ಸಿಗಲಿಲ್ಲ. ಆ ಸುಳ್ಳು ಹಾಳೆಯಲ್ಲಿ ಅವನ ಮಾತಿದೆ, ಅಕ್ಷರ ನನ್ನದು. ಕೊನೆಗೆ ಮೊದಲ ಸಾಲಿನಲ್ಲಿ ನನ್ನ ಹೆಸರನ್ನೇ ಬರೆದೆ. ಈ ಕೆಲಸ ಹೋಗುತ್ತದೆ, ಗೊತ್ತು. ಅವನದೂ ಹೋಗಲಿ.

ಇದರಿಂದ ಮೇಸ್ತ್ರಿ ಎದ್ದು ಬರುವುದಿಲ್ಲ. ಕೆಟಲ್ ಹಿಡಿಯುತ್ತಿದ್ದ ಆ ಕೈಗಳು ಮಣ್ಣಾಗಿವೆ... ಪತ್ರ ಮೇಜಿನ ಮೇಲಿದೆ, ಗಾಳಿಗೆ ಹಾರದಂತೆ ಅದರ ಮೇಲೆ ಮೇಸ್ತ್ರಿಯ ಎರಡೂ ಕೀ ಇಟ್ಟಿದ್ದೇನೆ. ನಾಳೆ ಹತ್ತು ಗಂಟೆಗೆ ಅಂಚೆ ಕಚೇರಿ ತೆರೆಯುತ್ತದೆ.